ಬಸವನಗುಡಿ ನ್ಯಾಷನಲ್ ಹೈಸ್ಕೂಲು, ಅದರ ಸುತ್ತಮುತ್ತಲ ಹಳೇ ಕಥೆ: ಪದೇ ಪದೇ ಕೇಳೋ ಪ್ರಶ್ನೆಗಳು

ಹಳೇ ಸ್ಟೂಡೆಂಟ್ಸು, ಏರಿಯಾಗೆ ಹೊಸದಾಗಿ ಬಾಡಿಗೆಗೆ ಬಂದೋರು, ಪರಿಷೆಗೆ ಬಂದು ಕಡ್ಲೆಕಾಯಿ ತಿಂತಾ ನಿಂತೋರು, ಎಲ್ಲಾರೂ ತಿರುಗಿಸಿ ಮುರುಗಿಸಿ ಇವನ್ನೇ ಕೇಳ್ತಾರೆ. ಅವರು ಕೇಳಿದ ಮಾತಲ್ಲೇ ಪ್ರಶ್ನೆ ಇಟ್ಟಿದೀನಿ. ಸುಲಭದ್ದು ಮೊದಲು, ತಲೆ ಕೆಡಿಸ್ಕೊಳ್ಳೋದು ಆಮೇಲೆ.

## ಮೊದಲು ಸುಲಭದ್ದು

ನ್ಯಾಷನಲ್ ಹೈಸ್ಕೂಲು, ನ್ಯಾಷನಲ್ ಕಾಲೇಜು ಎರಡೂ ಒಂದೇನಾ ಸಾರ್?

ಮನೆ ಒಂದೇ, ಮಕ್ಕಳು ಬೇರೆ ಬೇರೆ. ಹೈಸ್ಕೂಲು ಶುರುವಾಗಿದ್ದು 1917ರಲ್ಲಿ, ಕಾಲೇಜು ಬಂದಿದ್ದು 1945ರಲ್ಲಿ, ಅಂದ್ರೆ ಹೈಸ್ಕೂಲೇ ಇಪ್ಪತ್ತೆಂಟು ವರ್ಷಕ್ಕೆ ದೊಡ್ಡದು. ಎರಡನ್ನೂ ನಡೆಸ್ತಿರೋದು ನ್ಯಾಷನಲ್ ಎಜುಕೇಶನ್ ಸೊಸೈಟಿ ಆಫ್ ಕರ್ನಾಟಕ. ಜಯನಗರದ ನ್ಯಾಷನಲ್ ಕಾಲೇಜು, ಗೌರಿಬಿದನೂರು ಬಾಗೇಪಲ್ಲಿಯ ನ್ಯಾಷನಲ್ ಕಾಲೇಜುಗಳು ಕೂಡ ಇದೇ ಸೊಸೈಟಿದು. ಮೆಟ್ರೋ ಸ್ಟೇಷನ್ನು, ಸರ್ಕಲ್ಲು, ಫ್ಲೈಓವರ್ರು ಎಲ್ಲಕ್ಕೂ ಕಾಲೇಜಿನ ಹೆಸರೇ ಇರೋದ್ರಿಂದ ಹೈಸ್ಕೂಲು ಸ್ವಲ್ಪ ಹಿಂದೆ ಬಿದ್ದಂಗೆ ಕಾಣುತ್ತೆ. ಆದ್ರೆ ಬೇರು ಅದೇ.

ಸ್ಕೂಲ್ ಇರೋದು ಬಸವನಗುಡಿನಾ ಅಥವಾ ವಿ.ವಿ. ಪುರಂನಾ? ಆಟೋದವ್ರು ಕನ್ಫ್ಯೂಸ್ ಆಗ್ತಾರೆ

ಎರಡೂ ಅನ್ನಬಹುದು. ಬಸವನಗುಡಿ ಮುಗಿದು ವಿಶ್ವೇಶ್ವರಪುರಂ ಶುರುವಾಗೋ ಕಡೆ ಇದೆ, ಜನ ಬಸವನಗುಡಿ ನ್ಯಾಷನಲ್ ಹೈಸ್ಕೂಲು ಅಂತಾನೇ ಕರೀತಾರೆ. ಹಸಿರು ಲೈನ್ ಮೆಟ್ರೋದಲ್ಲಿ ನ್ಯಾಷನಲ್ ಕಾಲೇಜ್ ಸ್ಟೇಷನ್‌ನಲ್ಲಿ ಇಳಿದ್ರೆ ನಡೆದು ಹೋಗಬಹುದು. ಆ ಸ್ಟೇಷನ್ ಓಪನ್ ಆಗಿದ್ದು 2017ರಲ್ಲಿ, ಸ್ಕೂಲಿಗೆ ಸರಿಯಾಗಿ ನೂರು ತುಂಬಿದ ವರ್ಷ, ಯಾರೂ ಲೆಕ್ಕ ಹಾಕಿ ಮಾಡಿದ್ದಲ್ಲ ಬಿಡಿ.

ನಮ್ಮಪ್ಪ ಅಲ್ಲೇ ಓದಿದ್ದು, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಕಳ್ದೋಗಿದೆ, ಎಲ್ಲಿ ಕೇಳ್ಬೇಕು?

ಈ ಸ್ಕೂಲ್ ಅಂತಲ್ಲ, ರಾಜ್ಯದ ಯಾವ ಹೈಸ್ಕೂಲಿಗಾದ್ರೂ ಇದೇ ದಾರಿ. ಟಿ.ಸಿ., ಸ್ಟಡಿ ಸರ್ಟಿಫಿಕೇಟು ಸ್ಕೂಲ್ ಆಫೀಸಿನದು, ಅಲ್ಲಿ ಅಡ್ಮಿಷನ್ ರಿಜಿಸ್ಟರ್ ನೋಡಿ ಕೊಡ್ತಾರೆ. ಮಾರ್ಕ್ಸ್ ಕಾರ್ಡು ಮಾತ್ರ ಪರೀಕ್ಷಾ ಮಂಡಳಿದು, ಡೂಪ್ಲಿಕೇಟ್ ಬೇಕು ಅಂದ್ರೆ ಹೆಡ್‌ಮಾಸ್ಟರ್ ಮೂಲಕ ಅರ್ಜಿ ಹಾಕಬೇಕು. ಹೋಗೋವಾಗ ಪಾಸಾದ ವರ್ಷ, ಆಗ ಸ್ಕೂಲಲ್ಲಿ ಬರೆಸಿದ್ದ ಹೆಸರು, ಇನಿಷಿಯಲ್ಲು, ಇವಿಷ್ಟು ಗೊತ್ತಿರಲಿ. ಮನೇಲಿ ಕರೆಯೋ ಹೆಸರಿಗೂ ರಿಜಿಸ್ಟರಿನ ಹೆಸರಿಗೂ ಸಂಬಂಧಾನೇ ಇರದ ಕಾಲ ಅದು.

ಅನಿಲ್ ಕುಂಬ್ಳೆ ಇಲ್ಲೇ ಓದಿದ್ದಂತೆ, ನಿಜಾನಾ?

ನಿಜ. ಹೈಸ್ಕೂಲು ಇಲ್ಲಿ, ಪಿಯುಸಿ ನ್ಯಾಷನಲ್ ಕಾಲೇಜಲ್ಲಿ, ಆಮೇಲೆ ಆರ್.ವಿ. ಕಾಲೇಜಲ್ಲಿ ಇಂಜಿನಿಯರಿಂಗು. ಟೆಸ್ಟ್‌ನಲ್ಲಿ 619 ವಿಕೆಟ್ಟು, 1999ರಲ್ಲಿ ದೆಹಲೀಲಿ ಪಾಕಿಸ್ತಾನದ ಮೇಲೆ ಒಂದೇ ಇನ್ನಿಂಗ್ಸ್‌ನಲ್ಲಿ ಹತ್ತಕ್ಕೆ ಹತ್ತು, ಇದೆಲ್ಲಾ ನಿಮಗೇ ಗೊತ್ತು. ಸ್ಕೂಲಿನ ಹೆಸರು ಹೇಳಿದ ತಕ್ಷಣ ಎಲ್ಲಾರೂ ಇದನ್ನೇ ಕೇಳೋದು, ಖುಷಿನೇ, ಆದ್ರೆ ಈ ಸ್ಕೂಲಿಂದ ಬಂದ ಅತೀ ದೊಡ್ಡ ಹೆಸರು ನನ್ನ ಲೆಕ್ಕದಲ್ಲಿ ಇನ್ನೊಬ್ಬರದು, ಕೆಳಗೆ ಬರುತ್ತೆ.

## ಏರಿಯಾ ಬಗ್ಗೆ

ಸ್ಕೂಲು ರೋಡು ಇವೆಲ್ಲಾ ಬರೋಕ್ ಮುಂಚೆ ಇಲ್ಲಿ ಏನಿತ್ತು? ಬರೀ ಕಾಡಾ?

ಕಾಡಲ್ಲ, ಹೊಲ, ಕೆರೆ, ಬಂಡೆ. ಸುಂಕೇನಹಳ್ಳಿ, ಗವಿಪುರ, ಮಾವಳ್ಳಿ, ಗುಟ್ಟಹಳ್ಳಿ, ಇವೆಲ್ಲಾ ಬಸವನಗುಡಿಗಿಂತ ಹಳೇ ಹಳ್ಳಿಗಳು, ಪೇಟೆ ಕೋಟೆ ದಾಟಿ ದಕ್ಷಿಣಕ್ಕೆ ಬಂದ್ರೆ ಸಿಗೋವು. ಇವತ್ತು ಅವು ಬರೀ ಬಸ್ ಸ್ಟಾಪು, ವಾರ್ಡು, ಬೀದಿ ಹೆಸರು. ಕೆಂಪಾಂಬುಧಿ ಕೆರೆ ಕೆಂಪೇಗೌಡರ ಕಾಲದ್ದು, ಅದರ ಏರಿ ಹತ್ರ ಇರೋ ಗೋಪುರ ಊರಿನ ನಾಲ್ಕು ಗಡಿ ಗೋಪುರದಲ್ಲಿ ಒಂದು, ಇನ್ನೊಂದು ಲಾಲ್‌ಬಾಗ್ ಬಂಡೆ ಮೇಲಿದೆ. ಲಾಲ್‌ಬಾಗನ್ನ ಹೈದರಾಲಿ 1760ರಲ್ಲಿ ಶುರು ಮಾಡಿಸಿದ್ದು. ಕಾರಂಜಿ ಕೆರೆ ಅಂತ ಒಂದಿತ್ತು, ಈಗ ಕೆರೆ ಇಲ್ಲ, ಕಾರಂಜಿ ಆಂಜನೇಯನ ಗುಡಿ ಇದೆ. ಬೆಂಗಳೂರಲ್ಲಿ ಕೆರೆ ಹೋದ್ರೂ ಆಂಜನೇಯ ಹೋಗಲ್ಲ.

ಇನ್ನು ಬ್ಯೂಗಲ್ ರಾಕು, ಲಾಲ್‌ಬಾಗ್ ಬಂಡೆ ಎಲ್ಲಾ ಒಂದೇ ಜಾತಿ ಕಲ್ಲು, ಸುಮಾರು 300 ಕೋಟಿ ವರ್ಷದ ಹಿಂದಿಂದು. ಅದರ ಮುಂದೆ ನಮ್ಮ ಹಳೇದು ಹೊಸದು ಅನ್ನೋ ಜಗಳ ಸ್ವಲ್ಪ ತಮಾಷೆಯಾಗೇ ಕಾಣುತ್ತೆ. 19ನೇ ಶತಮಾನದ ಕೊನೇಲಿ ಜೆಮ್‌ಶೆಟ್‌ಜಿ ಟಾಟಾ ಜಪಾನಿಂದ ತಜ್ಞರನ್ನ ಕರೆಸಿ ಈ ಕಡೆ ರೇಷ್ಮೆ ಫಾರಂ ಮಾಡಿದ್ರು, ಟಾಟಾ ಸಿಲ್ಕ್ ಫಾರಂ ಅನ್ನೋ ಹೆಸರು ಇನ್ನೂ ಓಡಾಡ್ತಿದೆ, ಹಿಪ್ಪುನೇರಳೆ ಗಿಡ ಮಾತ್ರ ಹುಡುಕಬೇಡಿ.

ಪ್ಲೇಗ್ ಬಂದಿದ್ದಕ್ಕೇ ಬಸವನಗುಡಿ ಕಟ್ಟಿದ್ದು ಅಂತಾರಲ್ಲ, ಹೌದಾ?

ಅರ್ಧ ಹೌದು. ಪೇಟೆ ಒಳಗೆ ಜನ ಒತ್ತೊತ್ತಾಗಿ ತುಂಬಿದ್ರಿಂದ ಪ್ಲೇಗ್ ಬರೋಕೆ ಮುಂಚೇನೇ, 1890ರ ದಶಕದ ಮೊದಲಲ್ಲೇ, ಹೊರಗೆ ಎಕ್ಸ್‌ಟೆನ್ಷನ್ ಮಾಡೋ ಯೋಚನೆ ಇತ್ತು. ದಿವಾನ್ ಶೇಷಾದ್ರಿ ಅಯ್ಯರ್ ಕಾಲ ಅದು. ಉತ್ತರಕ್ಕೆ ಮಲ್ಲೇಶ್ವರ, ದಕ್ಷಿಣಕ್ಕೆ ಬಸವನಗುಡಿ. ಸರ್ಕಾರಿ ಕೆಲಸ ಸಾವಧಾನವಾಗಿ ನಡೀತಿತ್ತು, 1898ರ ಆಗಸ್ಟಲ್ಲಿ ಪ್ಲೇಗ್ ಊರೊಳಗೆ ಕಾಲಿಟ್ಟಿದ್ದೇ ತಡ, ಪೇಟೆ ಬಿಟ್ಟು ಬರೋಕೆ ಹಿಂದೆ ಮುಂದೆ ನೋಡ್ತಿದ್ದ ಜನ ಗಂಟು ಮೂಟೆ ಕಟ್ಟಿದ್ರು. ಹಾಗಾಗಿ ಪ್ಲಾನ್ ಪ್ಲೇಗಿಗಿಂತ ಹಳೇದು, ಜನ ತುಂಬಿದ್ದು ಪ್ಲೇಗಿನ ಭಯಕ್ಕೆ.

ಆ ಭಯ ನಕ್ಷೇಲೂ ಕಾಣುತ್ತೆ. ಅಗಲ ರಸ್ತೆ, ನೇರ ಅಡ್ಡರಸ್ತೆ, ಮನೆ ಮುಂದೆ ಹಿಂದೆ ಗಾಳಿ ಬೆಳಕಿಗೆ ಜಾಗ, ಮನೆಗಳ ಬೆನ್ನಿಗೆ ಸಣ್ಣ ಗಲ್ಲಿ. ಆ ಗಲ್ಲಿ ಯಾಕೆ ಅಂದ್ರೆ ಆಗ ಕಕ್ಕಸು ಮನೆಯ ಹಿಂಭಾಗದಲ್ಲಿ, ಮಲ ಹೊರೋ ಜನ ಮುಂದಿನ ಬೀದಿಗೆ ಬರದೇ ಹಿಂದಿನಿಂದಲೇ ಬಂದು ಹೋಗಬೇಕು ಅಂತ. ಹಳೇ ಬಸವನಗುಡಿ ಎಷ್ಟು ಚೆಂದ ಇತ್ತು ಅಂತ ಹೇಳೋರು ಈ ಗಲ್ಲಿ ವಿಷ್ಯ ಹೇಳಲ್ಲ. ತ್ಯಾಗರಾಜನಗರದಲ್ಲಿ ಪ್ಲೇಗಮ್ಮನ ಗುಡಿ ಇವತ್ತಿಗೂ ಇದೆ, ಕಾಯಿಲೆ ಹೋಯ್ತು, ಅಮ್ಮ ಉಳಿದ್ಲು.

ಕಡ್ಲೆಕಾಯಿ ಪರಿಷೆ ಕಥೆ ನಿಜಾನಾ? ಬಸವ ಇನ್ನೂ ಬೆಳೀತಿದ್ಯಾ?

ಕಥೆ ಎಲ್ಲಾರಿಗೂ ಗೊತ್ತಿರೋದೇ, ಸುಂಕೇನಹಳ್ಳಿ, ಗವಿಪುರ, ಮಾವಳ್ಳಿ, ದಾಸರಹಳ್ಳಿ ರೈತರು ಬೆಳೆದ ಕಡ್ಲೆಕಾಯಿನ ಒಂದು ಬಸವ ರಾತ್ರೋರಾತ್ರಿ ತಿಂದು ಹಾಕ್ತಿತ್ತು, ರೈತರು ಅದಕ್ಕೆ ಹರಕೆ ಹೊತ್ತು ಮೊದಲ ಬೆಳೆ ಕೊಡ್ತೀವಿ ಅಂದ್ರು, ಕೆಂಪೇಗೌಡರು 1537ರಲ್ಲಿ ಗುಡಿ ಕಟ್ಟಿಸಿದ್ರು ಅಂತ. ಕಾರ್ತಿಕ ಮಾಸದ ಕೊನೇ ಸೋಮವಾರ ಪರಿಷೆ, ಬುಲ್ ಟೆಂಪಲ್ ರೋಡ್ ಉದ್ದಕ್ಕೂ ರಾಶಿ ರಾಶಿ ಹಸಿದು, ಹುರಿದಿದ್ದು, ಬೇಯಿಸಿದ್ದು.

ಒಂದು ಸಣ್ಣ ತಕರಾರು ಇದೆ. ಕಡ್ಲೆಕಾಯಿ ಮೂಲ ದಕ್ಷಿಣ ಅಮೆರಿಕ, ನಮ್ಮ ದೇಶಕ್ಕೆ ಬಂದಿದ್ದೇ 16ನೇ ಶತಮಾನದಲ್ಲಿ ಹಡಗಿನವರ ಜೊತೆ. ಕರಾವಳಿಗೆ ಬಂದು, ಘಟ್ಟ ಹತ್ತಿ, 1537ರ ಹೊತ್ತಿಗೆ ಸುಂಕೇನಹಳ್ಳಿ ಹೊಲದಲ್ಲಿ ಬಸವ ಮೇಯೋ ಅಷ್ಟು ಬೆಳೆದಿತ್ತು ಅಂದ್ರೆ ನಂಬೋದು ಕಷ್ಟ. ಗುಡಿ ಹಳೇದು, ಪರಿಷೆ ಹಳೇದು, ಕಡ್ಲೆಕಾಯಿ ಮಾತ್ರ ಆಮೇಲೆ ಸೇರ್ಕೊಂಡಿರಬೇಕು ಅಂತ ನನ್ನ ಅನುಮಾನ. ಬಸವ ಒಂದೇ ಕಲ್ಲಲ್ಲಿ ಕೆತ್ತಿದ್ದು, ಎತ್ತರ ಹದಿನೈದು ಅಡಿ ಹತ್ರ, ಉದ್ದ ಇಪ್ಪತ್ತಡಿ ಹತ್ರ. ಬೆಳೀತಾನೇ ಇತ್ತು, ನೆತ್ತಿ ಮೇಲೆ ತ್ರಿಶೂಲ ಇಟ್ಟು ನಿಲ್ಲಿಸಿದ್ರು ಅಂತ ಅಜ್ಜಿಯರು ಹೇಳ್ತಾರೆ. ಎಣ್ಣೆ ಹಚ್ಚಿ ಹಚ್ಚಿ ಬಣ್ಣ ಕಪ್ಪಾಗಿದ್ದು ನಿಜ, ಕಲ್ಲು ಬೆಳೆಯಲ್ಲ.

ವೃಷಭಾವತಿ ಅಂದ್ರೆ ಮೈಸೂರು ರೋಡಿನ ಮೋರಿ ಅಲ್ವಾ? ಅದು ಇಲ್ಲಿ ಹುಟ್ಟುತ್ತೆ ಅಂತಾರಲ್ಲ

ಬಸವನ ಪಾದದಡಿ ಹುಟ್ಟುತ್ತೆ ಅನ್ನೋದು ನಂಬಿಕೆ, ಗುಡೀಲಿ ಹಾಗಂತ ಬರಹಾನೂ ಇದೆ. ನಂಬಿಕೆ ಪಕ್ಕಕ್ಕಿಟ್ಟು ನೆಲ ನೋಡಿದ್ರೂ ವಿಷ್ಯ ಪೂರ್ತಿ ಸುಳ್ಳಲ್ಲ. ಈ ಗುಡ್ಡದ ಸಾಲು ನೀರನ್ನ ಎರಡು ಪಾಲು ಮಾಡುತ್ತೆ. ಪಡುವಣ ಇಳಿಜಾರಿಗೆ ಬಿದ್ದ ಮಳೆ ಕೆಂಪಾಂಬುಧಿ ಕಡೆಯಿಂದ ವೃಷಭಾವತಿ ಸೇರಿ, ಬೈರಮಂಗಲ ಕೆರೆ ದಾಟಿ, ಅರ್ಕಾವತಿಗೆ ಹೋಗಿ, ಕೊನೆಗೆ ಕಾವೇರಿಗೆ. ಮೂಡಣ ಕಡೆ, ಅಂದ್ರೆ ಲಾಲ್‌ಬಾಗ್ ಬದಿಗೆ ಬಿದ್ದಿದ್ದು ಕೋರಮಂಗಲ ಕಣಿವೆ ಹಿಡಿದು ಬೆಳ್ಳಂದೂರು ಕಡೆಯಿಂದ ದಕ್ಷಿಣ ಪಿನಾಕಿನಿಗೆ. ಈ ಒಂದು ಪಾಠ ಜಿಯಾಗ್ರಫಿ ಬುಕ್ಕಿಂದ ಮಾಡೋ ಬದಲು ಮಕ್ಕಳನ್ನ ಮಳೆ ನಿಂತ ಮೇಲೆ ಬ್ಯೂಗಲ್ ರಾಕ್ ಹತ್ತಿಸಿದ್ರೆ ಹತ್ತು ನಿಮಿಷದಲ್ಲಿ ಅರ್ಥ ಆಗುತ್ತೆ.

ವಿದ್ಯಾರ್ಥಿ ಭವನ್ ಈ ಸ್ಕೂಲ್ ಹುಡುಗರಿಗೋಸ್ಕರ ಶುರುವಾಗಿದ್ದಾ?

ಈ ಒಂದು ಸ್ಕೂಲಿಗೆ ಅಂತ ಅಲ್ಲ. 1943ರಲ್ಲಿ ಗಾಂಧಿ ಬಜಾರಲ್ಲಿ ಶುರುವಾಯ್ತು, ಸುತ್ತಮುತ್ತ ಓದೋ ಹುಡುಗರು ಜಾಸ್ತಿ ಬರ್ತಿದ್ರಿಂದ ಆ ಹೆಸರು. 1935ರ ಆಚಾರ್ಯ ಪಾಠಶಾಲೆ ಹತ್ರಾನೇ ಇತ್ತು. ಈಗ ಕ್ಯೂ ನಿಲ್ಲೋರಲ್ಲಿ ವಿದ್ಯಾರ್ಥಿಗಳು ಕಮ್ಮಿ. ಶುಕ್ರವಾರ ರಜ, ಬಾಗಿಲು ನೋಡ್ಕೊಂಡು ವಾಪಸ್ ಬರಬೇಡಿ.

## ಸ್ವಲ್ಪ ಆಳಕ್ಕೆ

ಆನಿ ಬೆಸೆಂಟ್ ಲಂಡನ್ನಿನೋರು, ಅವರಿಗೂ ಬಸವನಗುಡಿಗೂ ಏನ್ ಸಂಬಂಧ?

ಆಯಮ್ಮ ಹುಟ್ಟಿದ್ದು ಲಂಡನ್ನಲ್ಲಿ, ಮೂಲ ಐರಿಷ್, ಬಾಳಿನ ಕೊನೇ ನಲವತ್ತು ವರ್ಷ ಹತ್ರ ಭಾರತದಲ್ಲಿ. ಥಿಯಾಸಾಫಿಕಲ್ ಸೊಸೈಟಿ ಅಧ್ಯಕ್ಷೆಯಾಗಿ ಮದ್ರಾಸಿನ ಅಡ್ಯಾರಲ್ಲಿ ಕೂತಿದ್ರು, 1916ರಲ್ಲಿ ಹೋಂ ರೂಲ್ ಲೀಗ್ ಶುರು ಮಾಡಿದ್ರು. ಅವರ ವಾದ ಸಿಂಪಲ್ಲು: ಸರ್ಕಾರಕ್ಕೆ ಗುಮಾಸ್ತರನ್ನ ತಯಾರು ಮಾಡೋ ಸ್ಕೂಲು ಬೇಡ, ದೇಶದ ಬಗ್ಗೆ ಗೊತ್ತಿರೋ, ತಲೆ ಎತ್ತಿ ನಡೆಯೋ ಮಕ್ಕಳನ್ನ ಬೆಳೆಸೋ ಸ್ಕೂಲು ಬೇಕು. 1917ರ ಜೂನಲ್ಲಿ ಬ್ರಿಟಿಷರು ಅವರನ್ನ ಊಟಿಯಲ್ಲಿ ಕೂಡಿಹಾಕಿದ್ರು, ದೇಶ ಪೂರ್ತಿ ಗಲಾಟೆ ಆಗಿ ಸೆಪ್ಟೆಂಬರಲ್ಲಿ ಬಿಟ್ರು, ಡಿಸೆಂಬರ್ ಹೊತ್ತಿಗೆ ಕಲ್ಕತ್ತಾದಲ್ಲಿ ಕಾಂಗ್ರೆಸ್ ಅಧ್ಯಕ್ಷೆ. ಅದೇ ವರ್ಷ, ಅದೇ ಪ್ರೇರಣೆಯಿಂದ, ಬೆಂಗಳೂರಲ್ಲಿ ನ್ಯಾಷನಲ್ ಹೈಸ್ಕೂಲು.

ಮೈಸೂರು ಸಂಸ್ಥಾನದಲ್ಲಿ ಮಹಾರಾಜರೇ ಇಷ್ಟೊಂದು ಸ್ಕೂಲ್ ಮಾಡ್ತಿದ್ರಲ್ಲ, ಆಮೇಲೂ ಪ್ರೈವೇಟಾಗಿ ಒಂದು ಯಾಕೆ ಬೇಕಿತ್ತು?

ಒಳ್ಳೇ ಪ್ರಶ್ನೆ. ಆ ಮೂರು ವರ್ಷ ನೋಡಿ: 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ, 1917ರಲ್ಲಿ ಈ ಸ್ಕೂಲು. ನಾಲ್ವಡಿಯವರ ಆಡಳಿತ, ವಿಶ್ವೇಶ್ವರಯ್ಯ ದಿವಾನರು. ಓದಿಗೆ ಬರ ಇರಲಿಲ್ಲ. ಆದ್ರೆ ಸಂಸ್ಥಾನದ ಸ್ಕೂಲು ಕೊಡೋ ಓದು ಸಂಸ್ಥಾನದ ಕಚೇರಿಗೆ ಬಾಗಿಲು ತೆಗೀತಿತ್ತು, ಖಾದಿ ಹಾಕ್ಕೊಂಡು ಸ್ವರಾಜ್ಯದ ಮಾತಾಡೋ ಮೇಷ್ಟ್ರಿಗೆ ಅಲ್ಲಿ ಎಷ್ಟು ಜಾಗ ಇದ್ದೀತು? ಊರು ಬೇರೆ ಎರಡು ತುಂಡು, ಪೇಟೆ ಕಡೆ ಮಹಾರಾಜರದು, ದಂಡು ಅಂದ್ರೆ ಕಂಟೋನ್ಮೆಂಟು ಬ್ರಿಟಿಷರದು. ಈ ಸ್ಕೂಲಿಗೆ ಬಲ ಬಂದಿದ್ದು ಮೇಷ್ಟ್ರುಗಳಿಂದ. ಕೆ. ಸಂಪದ್ಗಿರಿರಾಯರು ಹೆಡ್‌ಮಾಸ್ಟರಾಗಿದ್ರು, ಆಮೇಲೆ ಕಾಲೇಜು ಶುರುವಾದಾಗ ಅಲ್ಲಿಗೂ ಅವರೇ ಪ್ರಿನ್ಸಿಪಾಲ್. ಕಟ್ಟಡ ಯಾರು ಬೇಕಾದ್ರೂ ಕಟ್ಟಬಹುದು, ಅಂಥ ಮೇಷ್ಟ್ರನ್ನ ಹಿಡಿದು ಇಟ್ಕೊಳ್ಳೋದೇ ಕಷ್ಟ.

ಗಾಂಧೀಜಿ ಸ್ಕೂಲಿಗೆ ಬಂದಿದ್ರು, ಒಬ್ಬ ಸ್ಟೂಡೆಂಟೇ ಭಾಷಣ ಟ್ರಾನ್ಸ್‌ಲೇಟ್ ಮಾಡಿದ್ದ ಅಂತಾರೆ, ಯಾರದು?

1936ರಲ್ಲಿ. ಆ ವರ್ಷ ಗಾಂಧೀಜಿ ಆರೋಗ್ಯಕ್ಕೆ ಅಂತ ನಂದಿಬೆಟ್ಟದಲ್ಲಿ ಇದ್ರು, 1927ರಲ್ಲೂ ಹಾಗೇ ಬಂದು ಉಳಿದಿದ್ರು. ಸ್ಕೂಲಿಗೆ ಬಂದು ಹಿಂದೀಲಿ ಮಾತಾಡಿದ್ದನ್ನ ಕನ್ನಡಕ್ಕೆ ಹೇಳಿದ ಹುಡುಗ ಎಚ್. ನರಸಿಂಹಯ್ಯ, ನಮ್ಮ ಎಚ್ಚೆನ್. ವಯಸ್ಸು ಹದಿನಾರು. ಆಮೇಲೆ ಕೊನೇವರೆಗೂ ಖಾದಿ ಪಂಚೆ, ಜುಬ್ಬ, ಗಾಂಧಿ ಟೋಪಿ ಬಿಡಲಿಲ್ಲ.

ಎಚ್ಚೆನ್ ಎಚ್ಚೆನ್ ಅಂತ ಹಳೇ ಜನ ಯಾಕಷ್ಟು ಹೇಳ್ತಾರೆ? ಅವರು ಕಾಲೇಜಿನೋರಲ್ವಾ?

ಕಾಲೇಜಿಗೆ ಮುಂಚೆ ಈ ಸ್ಕೂಲಿನ ಹುಡುಗ. 1920ರಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಲ್ಲಿ ಬಡ ಮನೇಲಿ ಹುಟ್ಟಿದ್ದು. 1935ರಲ್ಲಿ ಹೈಸ್ಕೂಲ್ ಓದೋಕೆ ಬೆಂಗಳೂರಿಗೆ ಬರಬೇಕು, ಬಸ್ಸಿಗೆ ದುಡ್ಡಿಲ್ಲ, ಸುಮಾರು 85 ಕಿಲೋಮೀಟರ್ ನಡ್ಕೊಂಡೇ ಬಂದ್ರು. ಈಗಿನ ಮಕ್ಕಳಿಗೆ ಇದನ್ನ ಹೇಳಿದ್ರೆ ಯಾವ ಆಪಲ್ಲಿ ಸ್ಟೆಪ್ಸ್ ಲೆಕ್ಕ ಹಾಕಿದ್ರು ಅಂತ ಕೇಳ್ತಾರೆ.

ಸೆಂಟ್ರಲ್ ಕಾಲೇಜಲ್ಲಿ ಫಿಸಿಕ್ಸ್ ಓದ್ತಿರೋವಾಗ 1942ರ ಚಳವಳಿಗೆ ಇಳಿದು ಜೈಲು, ಬಿಟ್ಟ ಮೇಲೆ ಮತ್ತೆ ಓದು, 1946ರಲ್ಲಿ ನ್ಯಾಷನಲ್ ಕಾಲೇಜಲ್ಲಿ ಮೇಷ್ಟ್ರು. ಅಮೆರಿಕದ ಓಹಾಯೋ ಸ್ಟೇಟ್ ಯೂನಿವರ್ಸಿಟೀಲಿ ನ್ಯೂಕ್ಲಿಯರ್ ಫಿಸಿಕ್ಸಲ್ಲಿ ಪಿಎಚ್‌ಡಿ ಮುಗಿಸಿದ್ದು 1960ರಲ್ಲಿ, ಅಲ್ಲೇ ನಿಲ್ಲಬಹುದಿತ್ತು, ವಾಪಸ್ ಬಂದ್ರು. ಪ್ರಿನ್ಸಿಪಾಲ್ ಆದ್ರು, 1970ರ ದಶಕದಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ವೈಸ್ ಚಾನ್ಸಲರ್ ಆದ್ರು, ತಾವು ಓದಿದ ಸ್ಕೂಲ್ ನಡೆಸೋ ಸೊಸೈಟಿಗೇ ಅಧ್ಯಕ್ಷರಾದ್ರು, 1984ರಲ್ಲಿ ಪದ್ಮಭೂಷಣ ಬಂತು. ಇರೋಕೆ ಮಾತ್ರ ಕಾಲೇಜ್ ಹಾಸ್ಟೆಲಿನ ಒಂದು ರೂಮು. ಮದುವೆ ಆಗಲಿಲ್ಲ, ಸ್ವಂತ ಮನೆ ಮಾಡಲಿಲ್ಲ. 2005ರ ಜನವರಿ 31ಕ್ಕೆ ತೀರ್ಕೊಂಡ್ರು.

1962ರಲ್ಲಿ ಶುರು ಮಾಡಿದ ಬೆಂಗಳೂರು ಸೈನ್ಸ್ ಫೋರಂನಿಂದ ಪ್ರತಿ ಬುಧವಾರ ಸಂಜೆ ವಿಜ್ಞಾನದ ಉಪನ್ಯಾಸ, ಜುಲೈ ಬಂತು ಅಂದ್ರೆ ವಿಜ್ಞಾನ ಹಬ್ಬ. 1976ರಲ್ಲಿ ವೈಸ್ ಚಾನ್ಸಲರ್ ಆಗಿದ್ದಾಗ ಪವಾಡಗಳನ್ನ ಪರೀಕ್ಷೆ ಮಾಡೋಕೆ ಒಂದು ಸಮಿತಿನೇ ಮಾಡಿದ್ರು, ಸತ್ಯಸಾಯಿಬಾಬಾ ಅವರಿಗೂ ಕಾಗದ ಹೋಯ್ತು, ಉತ್ತರ ಬರಲಿಲ್ಲ. ಗುಡಿ ಗೋಪುರ ಮಠ ತುಂಬಿರೋ ಏರಿಯಾದಲ್ಲಿ ಕೂತು, ಯಾವುದನ್ನೂ ಪ್ರಶ್ನೆ ಮಾಡದೇ ಒಪ್ಪಬೇಡಿ ಅಂತ ಹೇಳಿಯೂ ಎಲ್ಲರ ಗೌರವ ಉಳಿಸ್ಕೊಂಡ್ರಲ್ಲ, ಅದಕ್ಕೇ ಹಳಬರು ಇನ್ನೂ ಹೇಳೋದು. ಕುಂಬ್ಳೆ ವಿಷ್ಯದಲ್ಲಿ ನಾನು ಇನ್ನೊಬ್ಬರು ಅಂದಿದ್ದು ಇವರನ್ನೇ.

ಬಸವನಗುಡಿ ಅಂದ್ರೆ ಒಂದೇ ಜಾತಿಯವರ ಏರಿಯಾ ಅಂತಾರೆ, ಸ್ಕೂಲೂ ಹಾಗೇನಾ?

ಮುಚ್ಚಿಟ್ಟು ಪ್ರಯೋಜನ ಇಲ್ಲ, ಎಕ್ಸ್‌ಟೆನ್ಷನ್ ಮಾಡಿದಾಗ ಸೈಟು ಹಂಚಿದ್ದೇ ಜಾತಿವಾರು ಬ್ಲಾಕ್ ನೋಡಿ. ಸರ್ಕಾರಿ ನೌಕರಿ, ವಕೀಲಿಕೆ, ಮೇಷ್ಟರಿಕೆ ಇದ್ದ ಬ್ರಾಹ್ಮಣ ಮನೆತನಗಳು ಜಾಸ್ತಿ ಬಂದವು, ಏರಿಯಾಗೆ ಆ ಬಣ್ಣ ಗಟ್ಟಿಯಾಗಿ ಅಂಟ್ಕೊಂಡ್ತು. ಆದ್ರೆ ಅದೇ ಪೂರ್ತಿ ಚಿತ್ರ ಅಲ್ಲ. 1906ರಲ್ಲಿ ಹುಟ್ಟಿದ ಒಕ್ಕಲಿಗರ ಸಂಘ ಕೆ.ಆರ್. ರೋಡಲ್ಲೇ ಇದೆ. ಸಜ್ಜನರಾವ್ ಸರ್ಕಲ್ ಸುತ್ತ ಆರ್ಯವೈಶ್ಯರು, ಜೈನರು. ಸುಂಕೇನಹಳ್ಳಿ ಗುಟ್ಟಹಳ್ಳಿಯ ಮೂಲ ಜನ ಎಕ್ಸ್‌ಟೆನ್ಷನ್ನಿಗಿಂತ ಮುಂಚಿನೋರು. ಹೊರಗಿಂದ ಬರೋ ಬಡ ಹುಡುಗರಿಗೆ ಹಾಸ್ಟೆಲ್ಲು, ವಾರಾನ್ನ (ವಾರದ ಒಂದೊಂದು ದಿನ ಒಂದೊಂದು ಮನೇಲಿ ಊಟ), ಹೀಗೆ ಏನೋ ಒಂದು ದಾರಿ ಸಿಕ್ತಿತ್ತು. ವಾರಾನ್ನ ಕೂಡ ಎಲ್ಲಾ ಜಾತಿ ಹುಡುಗರಿಗೂ ಸಿಕ್ತಿರಲಿಲ್ಲ ಅನ್ನೋದು ನೆನಪಿರಲಿ. ಹೊಸೂರಿಂದ ನಡ್ಕೊಂಡು ಬಂದ ಹುಡುಗನಿಗೆ ಬಾಗಿಲು ತೆಗೆದು, ಮುಂದಿನ ವರ್ಷಾನೇ ಗಾಂಧೀಜಿ ಪಕ್ಕ ನಿಲ್ಲಿಸಿತಲ್ಲ, ಈ ಸ್ಕೂಲಿನ ನಿಜವಾದ ಹೆಚ್ಚುಗಾರಿಕೆ ಅದೇ ಅಂತ ನನಗನ್ಸುತ್ತೆ. ಏರಿಯಾದ ಹುಡುಗರನ್ನ ಯಾವ ಸ್ಕೂಲಾದ್ರೂ ಓದಿಸ್ತಿತ್ತು.

ಬಿ.ಪಿ. ವಾಡಿಯಾ ರೋಡ್ ಇದೆಯಲ್ಲ, ಆ ಪಾರ್ಸಿಯವರಿಗೆ ಇಲ್ಲೇನು ಕೆಲ್ಸ?

ಈ ಕೊಂಡಿ ಭಾಳ ಜನಕ್ಕೆ ಗೊತ್ತಿಲ್ಲ. 1917ರಲ್ಲಿ ಊಟೀಲಿ ಆನಿ ಬೆಸೆಂಟ್ ಜೊತೆ ಇನ್ನಿಬ್ಬರನ್ನ ಕೂಡಿಹಾಕಿದ್ರು, ಒಬ್ಬರು ಅರುಂಡೇಲ್, ಇನ್ನೊಬ್ಬರು ಇದೇ ವಾಡಿಯಾ. ಮುಂದಿನ ವರ್ಷ ಮದ್ರಾಸಲ್ಲಿ ಮಿಲ್ ಕಾರ್ಮಿಕರ ಯೂನಿಯನ್ ಕಟ್ಟಿದ್ರು, ಭಾರತದ ಮೊದಮೊದಲ ಕಾರ್ಮಿಕ ಸಂಘಗಳಲ್ಲಿ ಅದೂ ಒಂದು. 1922ರಲ್ಲಿ ಅಡ್ಯಾರಿನ ಥಿಯಾಸಾಫಿಕಲ್ ಸೊಸೈಟಿ ಬಿಟ್ಟು ಬೇರೆ ದಾರಿ ಹಿಡಿದ್ರು. ಕೊನೆಗೆ 1945ರಲ್ಲಿ ಹೆಂಡತಿ ಸೋಫಿಯಾ ವಾಡಿಯಾ ಜೊತೆ ಬಸವನಗುಡೀಲಿ ಈಗಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಶುರು ಮಾಡಿದ್ರು. ಅದೇ 1945ರಲ್ಲಿ ಡಿ.ವಿ.ಜಿ. ಗೋಖಲೆ ಸಂಸ್ಥೆ, ಅದೇ ವರ್ಷ ನ್ಯಾಷನಲ್ ಕಾಲೇಜು, ಮರುವರ್ಷ ಬಿ.ಎಂ. ಶ್ರೀನಿವಾಸಯ್ಯನವರ ಇಂಜಿನಿಯರಿಂಗ್ ಕಾಲೇಜು. ಯುದ್ಧ ಮುಗಿಯೋ, ಸ್ವಾತಂತ್ರ್ಯ ಹತ್ರ ಬರೋ ಹೊತ್ತಿನ ಆ ಎರಡು ವರ್ಷದಲ್ಲಿ ಈ ಏರಿಯಾಗೆ ಏನೋ ಆವೇಶ ಬಂದಿತ್ತು ಅನ್ಸುತ್ತೆ. ಸಂಜೆ ಆದ್ರೆ ಎಲ್ಲಾದ್ರೂ ಒಂದು ಉಪನ್ಯಾಸ ಇದ್ದೇ ಇರುತ್ತೆ ಅನ್ನೋ ಬಸವನಗುಡಿ ಅಭ್ಯಾಸ ಗಟ್ಟಿಯಾಗಿದ್ದು ಆಗಲೇ.

ನಮ್ಮ ತಾತ ಓದಿದ ಕಾಲದ ಸ್ಕೂಲು, ಏರಿಯಾ ಬಗ್ಗೆ ನಾನೇ ಹುಡುಕ್ಬೇಕು ಅಂದ್ರೆ ಎಲ್ಲಿಂದ ಶುರು ಮಾಡ್ಲಿ?

ಮನೆ ಅಟ್ಟದಿಂದ. ಹಳೇ ಗ್ರೂಪ್ ಫೋಟೋ, ಫೀಸ್ ರಸೀದಿ, ಸ್ಕೂಲ್ ಮ್ಯಾಗಜೀನು, ಬಹುಮಾನಕ್ಕೆ ಕೊಟ್ಟ ಪುಸ್ತಕದ ಮೊದಲ ಪುಟದ ಸೀಲು, ಇವು ಯಾವ ಲೈಬ್ರರೀಲೂ ಸಿಗಲ್ಲ. ಸಿಕ್ಕಿದ್ದನ್ನ ಸ್ಕ್ಯಾನ್ ಮಾಡಿ, ಫೋಟೋ ಆದ್ರೆ ಹಿಂಬದಿ ಕೂಡ, ಹೆಸರು ಬರೆದಿರೋದು ಅಲ್ಲೇ. ಆಮೇಲೆ ಮೈಸೂರು ಸಂಸ್ಥಾನದ ವಾರ್ಷಿಕ ಆಡಳಿತ ವರದಿಗಳು, ಅವುಗಳಲ್ಲಿ ವಿದ್ಯಾಇಲಾಖೆ, ಪ್ಲೇಗು, ಹೊಸ ಬಡಾವಣೆ ಎಲ್ಲಾ ಬರುತ್ತೆ, ವಿಧಾನಸೌಧದಲ್ಲಿರೋ ರಾಜ್ಯ ಪತ್ರಾಗಾರದಲ್ಲಿ ಸಂಸ್ಥಾನದ ಕಡತಗಳನ್ನ ಕೇಳಿ ನೋಡಬಹುದು. ಹಳ್ಳಿಗಳ ಕಾಲಕ್ಕೆ ಹೋಗಬೇಕು ಅಂದ್ರೆ ಬಿ.ಎಲ್. ರೈಸ್ ಅವರ ಶಾಸನ ಸಂಪುಟಗಳಲ್ಲಿ ಬೆಂಗಳೂರು ಜಿಲ್ಲೇದು ಒಂಬತ್ತನೇದು.

ಇದೆಲ್ಲಕ್ಕಿಂತ ಅರ್ಜೆಂಟು ಎಂಬತ್ತು ದಾಟಿದ ಹಳೇ ಸ್ಟೂಡೆಂಟ್ಸ್ ಹತ್ರ ಕೂತು ರೆಕಾರ್ಡ್ ಮಾಡ್ಕೊಳ್ಳೋದು. ಸ್ಕೂಲ್ ಹೇಗಿತ್ತು ಅಂತ ಕೇಳಬೇಡಿ, ಚೆನ್ನಾಗಿತ್ತು ಅಂತಾರೆ, ಅಲ್ಲಿಗೆ ಮುಗೀತು. ಮಧ್ಯಾಹ್ನ ಊಟ ಎಲ್ಲಿ ಮಾಡ್ತಿದ್ರಿ, ನಲ್ಲಿ ಎಲ್ಲಿತ್ತು, ಯಾವ ಮೇಷ್ಟ್ರಿಗೆ ಹೆದರ್ತಿದ್ರಿ, ಮನೆಗೆ ಯಾವ ದಾರೀಲಿ ಹೋಗ್ತಿದ್ರಿ ಅಂತ ಕೇಳಿ.